ಪೇತ್ರನ ಕಾಗದ ಓದಿದ ಭಾನುವಾರ

ತೆಲ್ ಯೋನಾ, ನಿನೆವೆ ಬಯಲು
ಏಪ್ರಿಲ್ ೧೮, ೨೦೧೮

ನನ್ನ ಮುದ್ದಿನ ಯಲ್ದಾ,

ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತಾ? ಅಮ್ಮಾನ್ ಊರಿನ ಆ ಕೋಣೆಯಲ್ಲಿ ಗೋಡೆಯೆಲ್ಲ ತೇವ ಅಂತ ಬರೆದಿದ್ದೆ. ಮಲಗುವಾಗ ಎದೆಗೆ ಉಣ್ಣೆ ಬಟ್ಟೆ ಸುತ್ತಿಕೋ. ಪಕ್ಕದ ಮನೆ ಮರ್ತಾ ಅಲ್ಲಿಗೇ ಹೊರಟಿದ್ದಾಳೆ. ಅವಳ ಕೈಲಿ ಒಣ ಅಂಜೂರ, ಖರ್ಜೂರ ತುಂಬಿದ ಕುಲೀಚ ಬಿಸ್ಕತ್ತು ಕಳಿಸುತ್ತಿದ್ದೀನಿ. ಒಬ್ಬನೇ ತಿನ್ನು, ಹಂಚಬೇಡ.

ಇಲ್ಲಿ ಇಗರ್ಜಿಯ ಗೋಡೆ ಎದೆಯೆತ್ತರಕ್ಕೆ ಬಂದಿದೆ. ಊರು ಹಿಡಿದಿದ್ದ ಕರಿ ಬಾವುಟದ ಉಗ್ರರು ಸುಟ್ಟುಹಾಕಿದ ಕಲ್ಲುಗಳನ್ನು ನಿಮ್ಮಪ್ಪ ಒಂದೊಂದಾಗಿ ತಟ್ಟಿ ನೋಡುತ್ತಾರೆ. ಸದ್ದು ಸರಿಯಿದ್ದರೆ ಗೋಡೆಗೆ, ಇಲ್ಲದಿದ್ದರೆ ಹಳ್ಳಕ್ಕೆ. ಮೊನ್ನೆ ಭಾನುವಾರ ಸೂರಿಲ್ಲದ ಆ ಇಗರ್ಜಿಯಲ್ಲೇ ಬಲಿಪೂಜೆ ಆಯಿತು. ಪಾದ್ರಿ ತೋಮಾ ಬೈಬಲಿನಿಂದ ಪೇತ್ರನ ಕಾಗದ ಓದಿದರು. ಕ್ರಿಸ್ತ ಜೀವವಿರುವ ಕಲ್ಲು, ಮನುಷ್ಯರು ಬೇಡವೆಂದರೂ ದೇವರು ಆರಿಸಿಕೊಂಡ ಕಲ್ಲು. ಅವನ ಹತ್ತಿರ ಬಂದವರೂ ಜೀವವಿರುವ ಕಲ್ಲುಗಳೇ, ದೇವರು ಮನೆ ಕಟ್ಟುವುದು ಅವರಿಂದಲೇ ಅಂತ. ಆಮೇಲೆ, "ಇದನ್ನ ಬರೆದೋನು ಯಾರು ಗೊತ್ತಲ್ಲ? ಕ್ರಿಸ್ತನ್ನ ಹಿಡಿದೊಯ್ದ ರಾತ್ರಿ, ಕೋಳಿ ಕೂಗೋ ಮೊದಲು ಮೂರು ಸಲ 'ಅವನ್ಯಾರೋ ನಂಗೊತ್ತಿಲ್ಲ' ಅಂದೋನು. ಅಂಥವನನ್ನೂ ಬಿಡಲಿಲ್ಲ ಕ್ರಿಸ್ತ" ಅಂದರು. ಹೇಳುತ್ತಾ ನಿಮ್ಮಪ್ಪನನ್ನೇ ನೋಡಿದರು. ಊರಿಗೆಲ್ಲ ಅರ್ಥವಾಯಿತು.

ನಿಮ್ಮಪ್ಪ ಕೂತಲ್ಲಿಂದಲೇ, "ನೀವು ಓದೋದು ಓದಿ, ಪಾದ್ರಿಗಳೇ. ಬಿರುಕು ಬಿಟ್ಟ ಕಲ್ಲು ಇಟ್ರೆ ಏನಾಗತ್ತೆ ಅಂತ ನಂಗೊತ್ತು" ಅಂದು ಎದ್ದು ಹೋದರು. ನಾಲ್ಕು ವರ್ಷದ ಹಿಂದೆ, ನಾವಿಬ್ಬರೂ ತಪ್ಪಿಸಿಕೊಂಡು ಎರ್ಬಿಲ್‌ನ ನಿರಾಶ್ರಿತರ ಡೇರೆಗೆ ಬಂದ ದಿನ, "ಕ್ರಿಸ್ತನ್ನ ಬಿಟ್ಟೋನು ನನ್ನ ಮಗ ಅಲ್ಲ" ಅಂದಾಗಲೂ ಇದೇ ಮುಖ. "ಅಮ್ಮನ ತಲೆಗೆ ಬಂದೂಕು ಇಟ್ಟಿದ್ರಪ್ಪಾ" ಅಂತ ನೀನು ಎಷ್ಟು ಹೇಳಿದೆ! ಅಜ್ಜಿಯನ್ನು ಕರೆದುಕೊಂಡು ಮೊದಲೇ ಊರು ಬಿಟ್ಟಿದ್ದ ಅವರಿಗೆ ಏನು ಗೊತ್ತು. ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವಮಾತೆ ನಿನ್ನನ್ನು ಮಡಿಲಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಶ್ಮೂನಿ

ಇನ್ನೊಂದು ಮಾತು, ಮರ್ತಾ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ. ಬಂದೂಕು ಇಟ್ಟ ಆ ದಿನ, ನಿನ್ನನ್ನು ಅಂಗಳಕ್ಕೆ ಎಳೆದು ತರುವ ಮೊದಲು ಆ ಕರಿ ಬಾವುಟದವರು ನನ್ನನ್ನು ಅಡುಗೆಮನೆಯಲ್ಲಿ ಕೇಳಿದ್ದರು. ಕ್ರಿಸ್ತನನ್ನು ಬಿಟ್ಟೆ ಅಂತ ನಾನು ಒಂದೇ ಸಲಕ್ಕೆ ಹೇಳಿಬಿಟ್ಟೆ, ಮಗನೇ. ನಿನಗಿಂತ ಮೊದಲು. ನಿನ್ನೆ ನಿಮ್ಮಪ್ಪನಿಗೆ ಹೇಳಿದೆ. ಇನ್ನು ಮೇಲೆ ಕಾಗದವನ್ನು ಚಿಕ್ಕಮ್ಮನ ಮನೆಗೆ ಬರೆ, ನಾನು ಅಲ್ಲಿದ್ದೀನಿ.