ಎರಡನೆಯ ಪುಟದಲ್ಲಿ ನಿಲ್ಲುವ ಕೈ

ಬೆಳಗಾವಿ
೧೭ ಜುಲೈ ೨೦೨೫, ಗುರುವಾರ

ತಮ್ಮ ಬೀರೇಶನಿಗೆ,

ನಿನ್ನ ಅಕ್ಕ ನಾಗರತ್ನಾ ಬರೆಯುವುದು. ನಾನೂ ಅವ್ವನೂ ಆರಾಮ ಇದ್ದೇವೆ. ಹಿಂಡಲಗಾ ಜೈಲಿನೊಳಗೆ ನೀನು ಹೇಗಿದ್ದೀ ಎಂದು ಕೇಳಲು ನನಗೆ ಆರು ವಾರ ಬೇಕಾಯಿತು. ಕ್ಷಮಿಸು ಎಂಬ ಮಾತು ಸಣ್ಣದು, ಆದರೂ ಮೊದಲು ಅದನ್ನೇ ಬರೆಯುತ್ತೇನೆ. ಮೂರು ಸಲ ಬರೆದು ಹರಿದು ಹಾಕಿದೆ. ಮುಲಾಖತ್ತಿಗೆ ಅವ್ವ ಒಬ್ಬಳೇ ಬರುತ್ತಾಳೆ, ಅಕ್ಕ ಯಾಕೆ ಬರುವುದಿಲ್ಲ ಎಂದು ಕೇಳಿದೆಯಂತೆ. "ಅಕೀಗೆ ಕಾರ್ಯಕ್ರಮ ಐತಿ, ಅಭ್ಯಾಸ ಮಾಡಾಕತ್ಯಾಳ" ಎಂದು ಅವ್ವ ಹೇಳಿದ್ದಾಳೆ. ಅದು ಖರೇ. ಪೂರ್ತಿ ಖರೇ ಅಲ್ಲ.

ಈ ಪತ್ರವನ್ನು ನಿನಗಿಂತ ಮೊದಲು ಒಡೆದು ಓದುವ ಸಾಹೇಬರಿಗೂ ನಮಸ್ಕಾರ. ಸಾಹೇಬರೆ, ಕೊನೆಯವರೆಗೂ ಓದಿರಿ. ನಡುವೆ ಬಿಡಬೇಡಿ.

ಅವ್ವನಿಗೆ ಮೊಣಕಾಲು ನೋವು, ಆದರೆ ಬಾಯಿ ಗಟ್ಟಿ. ಹೋದ ವಾರ ಖಾನಾಪುರದಿಂದ ಮೊದಲ ಬಸ್ಸಿಗೆ ಬಂದು ನಿನ್ನ ಜೈಲಿನ ಬಾಗಿಲಲ್ಲಿ ನಿಂತರೆ ರೊಟ್ಟಿ ಒಳಗೆ ಬಿಡಲಿಲ್ಲವಂತೆ. "ಹಂಗಾರ ನೀವರ ತಿನ್ರಿ. ರೊಟ್ಟಿ ಮ್ಯಾಲ ಏನೂ ಕೇಸ್ ಇಲ್ಲ" ಎಂದು ಆ ಪೊಲೀಸನ ಕೈಗೇ ಗಂಟು ಕೊಟ್ಟು ಬಂದಳು. ಬಂದವಳು ನನ್ನ ಮನೆಯಲ್ಲಿ ಎರಡು ದಿನ ಇದ್ದಳು. ನಾನು ಕೀಬೋರ್ಡಿನ ಮುಂದೆ ಕೂತರೆ ಹಿಂದೆ ನಿಂತು, "ಏನ ರತ್ನಿ, ಆ ಪೆಟಗಿ ಬಾರಿಸಿದ್ರ ತಮ್ಮ ಹೊರಗ ಬರತಾನೇನ?" ಎಂದಳು. ನಾನು ಕಿವಿಗೆ ಹೆಡ್‌ಫೋನ್ ಏರಿಸಿದೆ.

ಕೇಸಿನ ಸುದ್ದಿ. ನಿನ್ನೆ ವಕೀಲೆ ಅಲಕಾ ಕಾಗದಗಳನ್ನೆಲ್ಲ ನನ್ನ ಮುಂದೆ ಹರಡಿದರು. ಓದಿ ಮೈ ಉರಿಯಿತು. ಜೂನ್ ಐದರಂದು ಸಂಜೆ ನಾಲ್ಕಕ್ಕೆ ಕಬ್ಬಿಣ ಎರಕದ ನಿಮ್ಮ ಪೌಂಡ್ರಿಯ ಗೇಟಿನಲ್ಲಿ ಕಾರ್ಮಿಕರು ಧರಣಿ ಕೂತಿದ್ದರು, ಒಂದು ಕಲ್ಲು ಬಂತು, ಮ್ಯಾನೇಜರ ತಲೆ ಒಡೆಯಿತು, ಒಗೆದವನು ಬೀರೇಶ. ಇಷ್ಟೇ. ನೀವು ಯಾಕೆ ಕೂತಿದ್ದಿರಿ ಎಂಬುದಕ್ಕೆ ಒಂದು ಸಾಲಿಲ್ಲ. ಕರಗಿದ ಕಬ್ಬಿಣ ಹೊರುವ ಪಾತ್ರೆ ಬಿರುಕು ಬಿಟ್ಟಿದೆ ಎಂದು ನೀನು ಎರಡು ತಿಂಗಳಿಂದ ಬಡಕೊಂಡದ್ದು ಇಲ್ಲ. ಅದೇ ಪಾತ್ರೆ ಸೋರಿ ಕಲ್ಲಯ್ಯನ ಪಾದ ಬೆಂದದ್ದೂ ಇಲ್ಲ. ಮ್ಯಾನೇಜರ ತಲೆಗೆ ಆರು ಹೊಲಿಗೆ ಎಂದು ಮಾತ್ರ ಚೊಕ್ಕವಾಗಿ ಬರೆದಿದ್ದಾರೆ. ಕಬ್ಬಿಣ ಕುದಿಸುವವನ ಕಾಲು ಯಾವ ಸರಕಾರಿ ಕಾಗದದೊಳಗೂ ಹಿಡಿಸುವುದಿಲ್ಲ ಬೀರೇಶ.

ಅಲಕಾ ಹೇಳಿದರು, "ಖರೇ ಹೇಳತೇನ್ರಿ ನಾಗರತ್ನಾ, ಮಂಗಳವಾರ ಜಾಮೀನಿನ ವಿಚಾರಣೆ ಐತಿ. ಕಲ್ಲ ಒಗದಾವ್ರ ಮಾರಿ ಯಾರೂ ನೋಡಿಲ್ಲ, ಹೆಸರ ಆಮ್ಯಾಲ ತುರುಕ್ಯಾರ ಅಂತ ಹೇಳವ್ರು ಒಬ್ಬರ ಸಿಕ್ರ ಸಾಕು. ಒಬ್ಬರ. ನಿಮ್ಮ ಮಂದ್ಯಾಗ ಯಾರಿಗೂ ಬಾಯಿ ಇಲ್ಲೇನ್ರಿ?"

ಬಾಯಿ ಎಲ್ಲರಿಗೂ ಇದೆ. ಮರುದಿನ ಗೇಟಿನೊಳಗೆ ಬಿಡುವುದಿಲ್ಲ ಎಂಬ ಭಯವೂ ಇದೆ. ನಾನು ಅವರನ್ನು ಬೈಯಲಾರೆ. ಬೈಯುವ ಯೋಗ್ಯತೆ ನನಗಿಲ್ಲ.

ನನ್ನ ಸುದ್ದಿ ಹೇಳಲೇಬೇಕು. ಈ ಭಾನುವಾರ ಬೆಳಗಾವಿಯಲ್ಲಿ ನನ್ನ ಕಾರ್ಯಕ್ರಮ. ಗೋವಾ, ಪುಣೆ, ಮುಂಬೈ ಎಂದು ಹನ್ನೆರಡು ವರ್ಷ ತಿರುಗಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಇದೇ ಮೊದಲು. ಮುಂಬೈಯಿಂದ ಇಬ್ಬರು ಕೇಳಲು ಬರುತ್ತಾರೆ. ಅವರಿಗೆ ಮನಸ್ಸಿಗೆ ಬಂದರೆ ವರ್ಷಪೂರ್ತಿ ಊರೂರು ನುಡಿಸುವ ಕೆಲಸ ಸಿಗುತ್ತದೆ. ಬೆಳಿಗ್ಗೆ ಆರರಿಂದ ಮನೆಯ ಕೀಬೋರ್ಡಿನ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡು ತಾಸು. ಆಮೇಲೆ ಶಾಲೆ, ಮಕ್ಕಳ ಪಾಠ. ಮೂರರಿಂದ ಐದು ಊರಿನ ಒಬ್ಬ ದೊಡ್ಡವರ ಬಂಗಲೆಯಲ್ಲಿ ಅಭ್ಯಾಸ. ಕಾರ್ಯಕ್ರಮಕ್ಕೆ ಬೇಕಾದಂಥ ಉದ್ದನೆಯ ಪಿಯಾನೋ ನಾನು ಕಂಡಂತೆ ಈ ಊರಿನಲ್ಲಿ ಅಲ್ಲೊಂದೇ. ಭಾನುವಾರದ ಸಭಾಗೃಹದ ಖರ್ಚೂ ಅವರದೇ, ಪಿಯಾನೋ ಅವರ ಮನೆಯಿಂದಲೇ ಹೋಗುತ್ತದೆ.

ತಬಲಾದವನು ತಬಲಾ ಹೊತ್ತುಕೊಂಡು ಹೋಗುತ್ತಾನೆ, ಕೊಳಲಿನವನು ಚೀಲದಲ್ಲಿಟ್ಟುಕೊಂಡು ಹೋಗುತ್ತಾನೆ. ನಮ್ಮ ಹಣೆಬರಹ ನೋಡು. ವಾದ್ಯ ಯಾರ ಮನೆಯಲ್ಲಿದೆಯೋ ಅವರ ಹೊಸ್ತಿಲು ತುಳಿಯಬೇಕು, ಅವರ ಚಹಾ ಕುಡಿಯಬೇಕು, ಅವರ ಮಗಳ ಮದುವೆಯ ಆಲ್ಬಮ್ ನೋಡಿ "ಛಂದ ಐತ್ರಿ" ಎನ್ನಬೇಕು. ಶಾಲೆಯ ಕಸ ಗುಡಿಸುವವಳ ಮಗಳು ಪಿಯಾನೋ ಬಾರಿಸುತ್ತಾಳೆ ಎಂದು ಪೇಪರಿನವರು ಫೋಟೋ ಹಾಕಬಹುದು, ಆದರೆ ಆ ಪೆಟ್ಟಿಗೆಯ ಬೀಗದ ಕೈ ಇಂದಿಗೂ ಅವಳ ಕೈಗೆ ಬಂದಿಲ್ಲ.

ಖಾನಾಪುರದ ಶಾಲೆಯ ಆ ಹಳೆಯ ಪಿಯಾನೋ ನಿನಗೆ ನೆನಪಿರಬೇಕು. ಮಳೆಗಾಲದಲ್ಲಿ ಕೀಗಳು ಉಬ್ಬಿ ಕೂರುತ್ತವೆಂದು ಅದರ ಹೊಟ್ಟೆಯೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಸುತ್ತಿದ್ದರು, ಅದನ್ನು ನೋಡಿಕೊಳ್ಳುವುದು ಅವ್ವನ ಕೆಲಸ. ನೀನು ಪೌಂಡ್ರಿಗೆ ಸೇರಿದ ಹೊಸತರಲ್ಲಿ ಕೆಳಗಿನ ಹಲಗೆ ತೆಗೆದು ಇಣುಕಿ, ಒಳಗಿನ ಕಬ್ಬಿಣದ ಚೌಕಟ್ಟನ್ನು ಬೆರಳಿನಿಂದ ತಟ್ಟಿ ಹೇಳಿದೆ: "ಅಕ್ಕಾ, ಇದು ಎರಕದ್ದು. ನಮ್ಮಂಥಾವರ ಯಾರೋ ಹೊಯ್ದಾರ." ಅದನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಫಿಲೋಮಿನಾ ಟೀಚರ್ ನನಗೆ ಕಲಿಸಿದ ಮೊದಲ ಪಾಠ ಸ್ವರವಲ್ಲ. "ಶುರು ಮಾಡಿದರೆ ಮುಗಿಸು. ಬೆರಳು ತಪ್ಪಲಿ, ಕರೆಂಟು ಹೋಗಲಿ, ಕೈ ನಿಲ್ಲಬಾರದು." ಒಮ್ಮೆ ಪಿಯಾನೋ ಕೋಣೆಯೊಳಗೆ ಹಾವು ಬಂತಲ್ಲ! ಟೀಚರ್ ಬೆಂಚಿನ ಮೇಲೆ ಹತ್ತಿ "ಡೋಂಟ್ ಸ್ಟಾಪ್! ಡೋಂಟ್ ಸ್ಟಾಪ್!" ಎಂದು ಕಿರುಚಿದರು. ಅವ್ವ ಪೊರಕೆ ಹಿಡಿದು ಹಾವನ್ನು ಹೊರಗಟ್ಟಿದಳು. ನಾನು ಅಳುತ್ತಲೇ ಕೊನೆಯ ಸ್ವರದವರೆಗೂ ಬಾರಿಸಿದೆ. ಅವತ್ತು ಟೀಚರ್ ನನಗೆ ಕೇಕ್ ಕೊಟ್ಟರು. ಇವತ್ತಾದರೆ ಕೊಡುತ್ತಿರಲಿಲ್ಲ.

ಯಾಕೆಂದರೆ ಈಗ ನನ್ನ ಕೈ ನಿಲ್ಲುತ್ತಿದೆ ಬೀರೇಶ. ಭಾನುವಾರ ನುಡಿಸಬೇಕಾದದ್ದರಲ್ಲಿ ಒಂಬತ್ತು ನಿಮಿಷದ ಒಂದು ನಿಧಾನದ ರಚನೆ ಇದೆ. ಅದರ ಎರಡನೆಯ ಪುಟದಲ್ಲಿ ಎಡಗೈ ಒಂದೇ ಬಹಳ ಮೆಲ್ಲಗೆ ನುಡಿಯುತ್ತದೆ, ಬಲಗೈ ಮಡಿಲಲ್ಲಿ ನಾಲ್ಕು ಎಣಿಸಿ ಮೇಲೆ ಬರಬೇಕು. ಬರುವುದಿಲ್ಲ. ಆರು ವಾರದಿಂದ ಒಂದು ದಿನವೂ ಬಂದಿಲ್ಲ. ಉಳಿದೆಲ್ಲ ಕಡೆ ಬೆರಳು ಓಡುತ್ತವೆ, ಅಲ್ಲಿಗೆ ಬಂದರೆ ಸತ್ತ ಇಲಿಯ ಹಾಗೆ ಮಡಿಲಲ್ಲಿ ಬಿದ್ದಿರುತ್ತವೆ. ಡಾಕ್ಟರು ನರ ತಪಾಸಣೆ ಮಾಡಿ, "ಏನೂ ದೋಷ ಇಲ್ರಿ. ಮನಸ್ಸಿಗೆ ಏನರ ಹಚಗೊಂಡೀರೇನು?" ಎಂದರು. ನಾನು ನಕ್ಕುಬಿಟ್ಟೆ.

ಅವ್ವ ನಿನ್ನ ಮಾತು ಮುಟ್ಟಿಸಿದಳು, "ಅಕ್ಕಗ ಕೈ ಜ್ವಾಪಾನ ಅಂತ ಹೇಳ" ಎಂದೆಯಂತೆ. ಶಾಲೆಗೆ ಹೋಗುವ ವಯಸ್ಸಿನಿಂದ ನೀನು ನನಗೆ ಕೊಡ ಎತ್ತಲು ಬಿಟ್ಟವನಲ್ಲ, ಸೌದೆ ಒಡೆಯಲು ಬಿಟ್ಟವನಲ್ಲ. ನನ್ನ ಬೆರಳು ಮೆತ್ತಗಿರಲೆಂದು ನಿನ್ನವು ಸುಟ್ಟುಕೊಂಡವು. ಈಗ ಜೈಲಿನೊಳಗೆ ಕೂತೂ ಅದೇ ಮಾತು ಹೇಳುತ್ತೀಯಲ್ಲ.

ಊಟ ಬಿಡಬೇಡ. ಯಾರ ಜೊತೆಗೂ ಜಗಳ ತೆಗೆಯಬೇಡ, ಆದರೆ ತಲೆಯನ್ನೂ ಬಗ್ಗಿಸಬೇಡ. ಕಲ್ಲಯ್ಯನ ಗಾಯ ಒಣಗುತ್ತಿದೆ, ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾನೆ. ನೀನು ಬೇಗ ಅವ್ವನ ಒಲೆಯ ಮುಂದೆ ಕೂರುವಂತಾಗಲಿ, ನಿನ್ನ ಮೈಗೆ ಕೂದಲೆಳೆಯಷ್ಟೂ ಕೇಡು ತಟ್ಟದಿರಲಿ.

ನಿನ್ನ ಅಕ್ಕ,
ನಾಗರತ್ನಾ

ಸಹಿಯ ಕೆಳಗೆ ಬರೆಯುವ ಮಾತು:

ಆ ಬಂಗಲೆ ನಿನ್ನ ಪೌಂಡ್ರಿಯ ಮಾಲಕರದು. ನಿನಗೂ ಅವ್ವನಿಗೂ ಎರಡು ವರ್ಷ ಹೇಳದೆ ಮುಚ್ಚಿಟ್ಟೆ. ನಾನು ನಿನ್ನ ಅಕ್ಕ ಎಂದು ಅವರಿಗೂ ಹೇಳಲಿಲ್ಲ. ಅಲ್ಲಿ ನಾನು ಬರೀ ರತ್ನಾ ಮೇಡಂ.

ಜೂನ್ ಐದರ ಸಂಜೆ ನಾಲ್ಕೂವರೆಗೆ ನಾನು ಅಲ್ಲಿ ಆ ಎರಡನೆಯ ಪುಟ ನುಡಿಸುತ್ತಿದ್ದೆ. ಎಡಗೈ ಮೆಲ್ಲಗಿತ್ತು, ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಬಾರಿಸುವವಳಿಗೆ ಕಿವಿಯಿಲ್ಲ ಎಂದುಕೊಂಡು ಮಾಲಕರು ಫೋನಿನಲ್ಲಿ ಮ್ಯಾನೇಜರನಿಗೆ ಹೇಳಿದರು: "ಯಾರ ಒಗದ್ರು ನೀವೂ ನೋಡಿಲ್ಲಾ? ಬಿಡ್ರಿ. ಆ ಬೀರೇಶನ ಹೆಸರ ಬರಸ್ರಿ. ಅಂವಾ ಒಳಗ ಹೋದ್ರ ಉಳದಾವ್ರು ತಾವಾಗೇ ಎದ್ದ ಹೋಗತಾರ."

ನಾಲ್ಕು ಎಣಿಸಿದೆ. ಬಲಗೈ ಸರಿಯಾಗಿ ಬಂತು. ಕೊನೆಯ ಸ್ವರದವರೆಗೂ ಬಾರಿಸಿದೆ. ಮಾಲಕರು ಚಪ್ಪಾಳೆ ತಟ್ಟುತ್ತ ಬಂದು, "ಭಾಳ ಛಲೋ ಆತು ಮೇಡಂ. ಇವತ್ತ ಎಲ್ಲೂ ನಿಲ್ಲಲಿಲ್ಲ ನೋಡ್ರಿ" ಎಂದರು. ನಾನು ಥ್ಯಾಂಕ್ಸ್ ಹೇಳಿ ಚಹಾ ಕುಡಿದೆ. ಪೊಲೀಸರು ನಿನ್ನನ್ನು ಹಿಡಿದದ್ದು ಆರು ಗಂಟೆಗೆ. ನನ್ನ ಚೀಲದಲ್ಲಿ ಫೋನಿತ್ತು.

ಇವತ್ತು ಮಧ್ಯಾಹ್ನ ಇದನ್ನೆಲ್ಲ ಅಲಕಾ ಅವರಿಗೆ ಬರೆದು ಕೊಟ್ಟು ಸಹಿ ಹಾಕಿದೆ. ಅವರು ಅದನ್ನು ಎರಡು ಸಲ ಓದಿ, "ಸೋಮವಾರ ಸಲ್ಲಿಸಿದ್ರೂ ನಡೀತೈತ್ರಿ. ಭಾನುವಾರ ನಿಮ್ಮ ಕಾರ್ಯಕ್ರಮ ಮುಗೀಲಿ" ಎಂದರು. ಮುಗಿಯಲಿ ಎಂದು ಕಾದರೆ ಮತ್ತೆ ಅದೇ ತಪ್ಪು. "ಬ್ಯಾಡ್ರಿ, ಇವತ್ತ ಕೊಡ್ರಿ" ಎಂದೆ. ನಾಳೆ ಅದು ಮಾಲಕರ ವಕೀಲರ ಕೈ ಸೇರುತ್ತದೆ. ಆಮೇಲೆ ಬಂಗಲೆ ಇಲ್ಲ, ಪಿಯಾನೋ ಇಲ್ಲ, ಭಾನುವಾರವೂ ಇಲ್ಲ. ಕೋರ್ಟು ನನ್ನ ಮಾತು ನಂಬುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಹೊರಗೆ ಬಂದ ಮೇಲೆ ಬೈ, ಮಾತು ಬಿಡು, ಏನು ಬೇಕಾದರೂ ಮಾಡು. ಕೈ ಜ್ವಾಪಾನ ಅಂತ ಮಾತ್ರ ಇನ್ನೊಮ್ಮೆ ಹೇಳಬೇಡ ಬೀರೇಶ. ಅವತ್ತು ನಿಲ್ಲಬೇಕಾಗಿದ್ದದ್ದು ಅದೇ ಕೈ.