ಅರಮನೆ ಬಾಗಿಲಲ್ಲಿ ನಿನ್ನ ಶ್ನಿಟ್ಸೆಲ್

ವಿಯೆನ್ನಾ, ಗುರುವಾರ

ಪ್ರೀತಿಯ ಅಕ್ಕ,

ಮಧ್ಯಾಹ್ನದ ಊಟಕ್ಕೆಂದು ನೀನು ಬ್ರೆಡ್ ಪುಡಿ ಹಚ್ಚಿ ಕರಿದುಕೊಟ್ಟ ಇಪ್ಪತ್ತೆರಡು ಮಾಂಸದ ಶ್ನಿಟ್ಸೆಲ್‌ಗಳೂ ಬೆಳಗ್ಗೆ ಹತ್ತಕ್ಕೇ ಮುಗಿದವು. ತಿಂಡಿಯ ಚೀಲವನ್ನು ಅರಮನೆಯೊಳಗೆ ಬಿಡುವುದಿಲ್ಲ ಎಂದ ಕಾವಲುಗಾರ. ನಮ್ಮ ಟಿಕೆಟ್ಟಿನ ಹೊತ್ತು ಮೀರಲು ಎಂಟೇ ನಿಮಿಷವಿತ್ತು.

"ಎಸೆದ್ಬಿಡು ಮಾರಾಯ್ತಿ," ಎಂದ ನಮ್ಮ ತಂಡದ ಮುಖಂಡ ಓತಕರ್.

"ಮೊದ್ಲು ನಿನ್ನ ಎಸೀತೀನಿ!"

ಹನ್ನೊಂದು ಜನ ಪಿಂಚಣಿದಾರರು ಬಾಗಿಲಲ್ಲೇ ನಿಂತು ತಲಾ ಎರಡು ತಿಂದೆವು. ನನ್ನ ಎರಡನೆಯದನ್ನು ಮಾತ್ರ ಕಾವಲುಗಾರನಿಗೆ ಕೊಟ್ಟೆ. ಅವನು ನಮ್ಮ ಚೆಕ್ ಭಾಷೆಯಲ್ಲೇ ಹರುಕುಮುರುಕಾಗಿ ಪಿಸುಗುಟ್ಟಿದ: "ಶ್ನಿಟ್ಸೆಲ್‌ಗೆ ಹೆಸರಾದ ನಮ್ಮ ವಿಯೆನ್ನಾದಲ್ಲೂ ಇಂಥದ್ದು ಸಿಗಲ್ಲ ಅಜ್ಜಿ. ನಾನು ಹೇಳ್ದೆ ಅಂತ ಯಾರ್ಗೂ ಹೇಳ್ಬೇಡಿ."

ರಾಣಿಯ ಮಲಗುವ ಕೋಣೆಯನ್ನು ಬಾಯಿ ಒರೆಸಿಕೊಳ್ಳುತ್ತಲೇ ನೋಡಿದೆ. ಮಂಡಿ ನೋವಿಲ್ಲ. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ.

ನಿನ್ನ ಬೊಝೆನಾ

ಕಾವಲುಗಾರನ ಹೆಸರು ಗೊತ್ತು. ಅಂಚೆಯವರೂ ಕಾರ್ಡು ಓದುತ್ತಾರೆ, ಅದಕ್ಕೆ ಬರೆದಿಲ್ಲ.