ಸೀತವ್ವ ಹೇಳದ ಮಾತು

ವಿಜಯಪುರ
18 ಜನವರಿ 2026

ಪ್ರೀತಿಯ ಕಾವ್ಯಾ,

ಆರಾಮ ಇದ್ದೀಯೆಂದು ನಂಬಿದ್ದೇನೆ. ನಿನ್ನ ಅವ್ವ ತಿಕೋಟಾದಿಂದ ಸಂಕ್ರಾಂತಿಗೆ ಕಳಿಸಿದ ಸಜ್ಜಿ ರೊಟ್ಟಿ, ಒಣದ್ರಾಕ್ಷಿ ಮುಟ್ಟಿದವು. ನಿನ್ನ ಪತ್ರ ಬಂದು ಮೂರು ವಾರವಾಯಿತು, ಉತ್ತರ ತಡವಾಯಿತು, ಕ್ಷಮಿಸು. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ನಿನ್ನ ಹೆಸರು ಬರೆದು ಎದ್ದುಬಿಟ್ಟೆ.

ಸಹಾಯಕ ಪ್ರಾಧ್ಯಾಪಕ ಹುದ್ದೆಯ ಇಂಟರ್‌ವ್ಯೂಗೆ ಯಾವ ಲೇಖನ ಮುಂದಿಡಲಿ, ಪಿಎಚ್‌.ಡಿ. ಆದಮೇಲೆ ಮೊದಲ ಹೆಜ್ಜೆ ಹೇಗಿಡಬೇಕು ಎಂದು ನೀನು ಕೇಳಿದ್ದೆ. ಸಲಹೆ ಕೊಡೋಣವೆಂದೇ ನಿನ್ನ ಲೇಖನಗಳನ್ನು ತೆರೆದೆ. ದ್ರಾಕ್ಷಿ ತೋಟದ ನೂರಾ ಹನ್ನೆರಡು ಕೂಲಿ ಹೆಂಗಸರ ಮೇಲಿನ ಲೇಖನದಲ್ಲಿ ನಿನ್ನ ಹೆಸರಿನ ಪಕ್ಕ ನನ್ನದೂ ಇತ್ತು. ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆರನೆಯ ಪುಟದಲ್ಲಿ ಸೀತವ್ವ ಇದ್ದಳು. ಸಾರವಾಡ, ವಯಸ್ಸು ಐವತ್ತೆಂಟು, ಕೂಲಿ ತಂಡದ ಹಿರಿಯಾಳು. ಭೇಟಿಯಾದದ್ದು ಮಾರ್ಚ್ 2024ರಲ್ಲಿ. “ಔಷಧ ಹೊಡಿಯೂ ಮುಂದ ನಮಗ ಏನೂ ತ್ರಾಸ ಆಗೂದಿಲ್ಲ” ಎಂದಳಂತೆ.

ಕಾವ್ಯಾ, ಸೀತವ್ವ ಸತ್ತಾಗ ಮಣ್ಣಿಗೆ ನಾನೇ ಹೋಗಿದ್ದೆ. 2019ರಲ್ಲಿ. ನನ್ನ ಪ್ರಬಂಧಕ್ಕೆ ಮೊದಲು ಬಾಗಿಲು ತೆರೆದವಳು ಅವಳು. ಆ ಪುಟವನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಹಾಲು ಉಕ್ಕಿ ಒಲೆಯೇ ಆರಿಹೋಗಿತ್ತು.

ಅದೇ ಗಾಬರಿಯಲ್ಲಿ ನಿನಗೆ ಫೋನ್ ಮಾಡಿದೆ. ಅಂದು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಮೇಡಂ, ನೂರಾ ಹನ್ನೆರಡು ಮಂದೀನ ಎಲ್ಲಿಂದ ತರ್ಲಿ? ಹದಿನೇಳು ಮಂದಿ ಸಿಕ್ಕಿದ್ರು. ಉಳಿದ ಹೆಸರು ನಿಮ್ಮ ಹಳೇ ಪಟ್ಟಿ ನೋಡಿ ತುಂಬಿದೆ. ಲೇಖನ ಯಾರೂ ಓದೂದಿಲ್ಲ, ಎಣಸ್ತಾರ ಅಂತ ನೀವ ಹೇಳಿದ್ರಿ.” “ನನ್ನ ಕೇಳದ ನನ್ನ ಹೆಸರು ಹೆಂಗ ಹಾಕಿದಿ?” ಎಂದು ನಾನು ಕಿರುಚಿದೆ. ನೀನು ಸುಮ್ಮನಾದೆ. ನಾನೇ ಫೋನ್ ಇಟ್ಟೆ.

ಊರಲ್ಲಿ ಬೇರೊಬ್ಬ ಸೀತವ್ವ ಇರಬಹುದು, ನೀನು ಏನೋ ತಪ್ಪು ಹೇಳಿರಬಹುದು ಎಂಬ ಹುಚ್ಚು ಆಸೆ ನನಗೆ. ಮರುದಿನ ಸಾರವಾಡದ ಬಸ್ ಹತ್ತಿದೆ. ಸೀತವ್ವನ ಸೊಸೆ ಪರಸವ್ವ ಚಹಾಕ್ಕೆ ಇಟ್ಟಳು. ಅವಳ ಮುಂದೆ ಮುಚ್ಚಿಡಲಾಗಲಿಲ್ಲ, ಹೇಳಿಬಿಟ್ಟೆ. “ಏನ ಬರದೀರಿ, ಓದ್ರಿ” ಎಂದಳು. ಓದಿದೆ.

“ಕಡೀ ವರ್ಷ ನಮ್ಮತ್ತಿ ಕುಂತಲ್ಲೇ ನಿದ್ದಿ ಮಾಡ್ತಿದ್ಲು. ಮಲಗಿದ್ರ ಉಸಿರು ಹಿಡೀತಿತ್ತು. ಆಕಿ ತ್ರಾಸಿಲ್ಲ ಅಂದಾಳಂತ ಯಾರ ಬರದಾರ?” ಅವಳು ಚಹಾ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ಸತ್ತಮ್ಯಾಲೂ ಆಕೀನ್ನ ಕೆಲಸಕ್ಕ ಹಚ್ಚೀರೇನ್ರಿ ಮೇಡಂ?”

ಆ ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ.

ಈಗ ನೀನು ಕೇಳಿದ ಸಲಹೆ. ಆ ಲೇಖನವನ್ನು ಪಟ್ಟಿಯಲ್ಲಿ ಮೇಲೂ ಇಡಬೇಡ, ಕೆಳಗೂ ಇಡಬೇಡ. ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಯ ಸಂಪಾದಕರಿಗೆ ನಾನು ನಿನ್ನೆ ಬರೆದಿದ್ದೇನೆ. ನಮ್ಮ ಕಾಲೇಜಿನ ಪ್ರಾಂಶುಪಾಲರ ಮುಂದೆ ಹೋಗಿ ನಿಂತು ಹೇಳಿದ್ದೂ ಆಯಿತು. ನೀನೂ ನಿನ್ನ ಕೈಯಾರೆ ಬರೆ, ಬೇರೆಯವರು ಹಿಡಿಯುವ ಮೊದಲು. ಈ ಇಂಟರ್‌ವ್ಯೂ ಕೈತಪ್ಪಬಹುದು. ತಪ್ಪುತ್ತದೆ ಎಂದೇ ಇಟ್ಟುಕೋ. ನಿನಗೆ ಇಪ್ಪತ್ತೊಂಬತ್ತು ವರ್ಷ. ತಪ್ಪು ಒಪ್ಪಿಕೊಂಡು ಎದ್ದವರು ಈ ವೃತ್ತಿಯಲ್ಲಿ ಇದ್ದಾರೆ. ಮುಚ್ಚಿಟ್ಟವರೂ ಇದ್ದಾರೆ, ಆದರೆ ಅವರು ಪ್ರತಿ ಫೋನ್‌ಗೂ ಬೆಚ್ಚುತ್ತಾರೆ.

ಆ ಹದಿನೇಳು ಹೆಂಗಸರು ಸಣ್ಣ ಸಂಖ್ಯೆಯಲ್ಲ. ಅವರನ್ನೇ ಇಟ್ಟುಕೊಂಡು ಬರೆ. ಯಾರನ್ನು, ಯಾವ ದಿನ, ಎಲ್ಲಿ ಕೂತು ಕೇಳಿದೆ ಎಂದು ಅಂದೇ ಟಿಪ್ಪಣಿ ಮಾಡು. ನಿನ್ನ ಟಿಪ್ಪಣಿ ತೋರಿಸೆಂದು ಪೀಡಿಸುವ ಹಿರಿಯರನ್ನು ಹುಡುಕಿಕೋ. ನಿನ್ನ ಮಾರ್ಗದರ್ಶಕಿಯಾಗಿ ನಾನು ಐದು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಲೇಖನ ಎಷ್ಟಾಯಿತೆಂದಷ್ಟೇ ಕೇಳುತ್ತಿದ್ದೆ.

ಹೊರಡುವಾಗ ಪರಸವ್ವ ಬಾಗಿಲವರೆಗೆ ಬಂದಿದ್ದಳು. “ಆ ಹುಡಿಗೀನ ಕಳಸ್ರಿ. ಬೈಯೂದಿಲ್ಲ. ನಮ್ಮತ್ತಿ ಏನ ಹೇಳ್ತಿದ್ಲು, ನಾ ಹೇಳ್ತೀನಿ. ಕುಂತು ಕೇಳ್ಲಿ” ಎಂದಳು. ಮುಂದಿನ ಭಾನುವಾರ ಧಾರವಾಡದಿಂದ ಬಾ. ಇಬ್ಬರೂ ಹೋಗೋಣ.

ಊಟ ಬಿಡಬೇಡ. ನಿನ್ನ ವಿದ್ಯೆ ನಿನ್ನನ್ನು ಕಾಯಲಿ, ನೀನು ಅದನ್ನು ಕಾಯುವ ಹಾಗಾಗಲಿ.

ನಿನ್ನವಳೇ,
ಶೈಲಾ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಹಳೆಯ ಇ-ಮೇಲ್‌ಗಳನ್ನು ತಡಕಾಡಿದೆ. ಸಹಲೇಖಕಿಯಾಗಿ ಒಪ್ಪಿಗೆಯೇ ಎಂದು ಪತ್ರಿಕೆಯವರು ನನ್ನನ್ನು ಕೇಳಿದ್ದರು. ಲೇಖನವನ್ನೂ ಲಗತ್ತಿಸಿದ್ದರು. ತೆರೆಯದೆಯೇ ‘ಹೌದು’ ಎಂದು ಒತ್ತಿದ್ದೇನೆ, ಬಂದ ಎರಡೇ ನಿಮಿಷಕ್ಕೆ. ನಾನು ಕಿರುಚಿದಾಗ ನಿನಗೆ ಇದು ಗೊತ್ತಿತ್ತು, ಅಲ್ಲವೇ? ಆದರೂ ನೀನು ಒಂದು ಮಾತು ಆಡಲಿಲ್ಲ. ಸಂಪಾದಕರಿಗೆ ಇದನ್ನೂ ಈಗ ಬರೆಯುತ್ತಿದ್ದೇನೆ. ಭಾನುವಾರ ನಿನ್ನ ಮುಖ ಹೇಗೆ ನೋಡಲಿ ಎಂದು ಮಾತ್ರ ತಿಳಿಯದು.